ಸೂರ್ಯ ಮುಳುಗುವ ಮೊದಲು ಒಂದು ಮಾತ್ರೆ

2025 ಜೂನ್ 16, ಸೋಮವಾರ. ಸಂಜೆ 7.30

ಬಂಟ್ವಾಳ ಲೈನ್, ಆ ಕಡೆಯ ಅಂಗಡಿಗಳಿಗೆ ಬೇಕರಿ ಮಾಲು ಹಾಕುವ ಸುತ್ತು. ಬನ್ನಿನ ಎರಡು ಟ್ರೇ ಬೇಕರಿಯಲ್ಲೇ ಬಿಟ್ಟು ಹೋದೆ. ಸಿದ್ದಕಟ್ಟೆಯ ಮೊದಲ ಅಂಗಡಿಯಲ್ಲಿ ಗೂಡ್ಸ್ ರಿಕ್ಷಾದ ಹಿಂದಿನ ಬಾಗಿಲು ತೆಗೆದಾಗ ಗೊತ್ತಾಯಿತು. ವಾಪಸ್ ಮೂಡುಬಿದಿರೆ. ಬೇಕರಿಯ ಯಜಮಾನರು ಅಬೂಬಕ್ಕರ್ ಕಾಕ ಬೈಯಲಿಲ್ಲ. ಬಾಗಿಲಿಗೆ ಅಡ್ಡ ಇಟ್ಟಿದ್ದ ಟ್ರೇ ತೋರಿಸಿದರು. "ಬೆಳಿಗ್ಗೆಯೇ ಇಲ್ಲಿ ಇಟ್ಟದ್ದು, ನೀನು ಎಡವಿಯಾದರೂ ನೋಡಬೇಕು ಅಂತ. ನೀನು ದಾಟಿ ಹೋದೆ ಮಾರಾಯ್ತಿ."

ನಿಜ. ಏನೋ ದಾಟಿದ ನೆನಪು ಉಂಟು.

ಮಾತ್ರೆ: ತೆಗೆದುಕೊಂಡೆ. 6.20, ಊಟದ ಜೊತೆ.

ದಿನಾ ಐದು ಸಾಲು ಬರೆಯಲು ಹೇಳಿದ್ದು ಮನಸ್ಸಿನ ಡಾಕ್ಟ್ರು. ಯಾರಿಗೂ ತೋರಿಸಬೇಡ, ನನಗೂ ಬೇಡ ಅಂದರು. ಹಾಗಾದರೆ ಇಲ್ಲಿ ಸುಳ್ಳು ಬರೆಯುವ ಅಗತ್ಯವೇ ಇಲ್ಲ. ಒಳ್ಳೆಯದು. ಐದು ಸಾಲು ಯಾವಾಗಲೋ ದಾಟಿತು.

ಜೂನ್ 19, ಗುರುವಾರ

ಎಡಿಎಚ್‌ಡಿ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತಲೆ. ಹೆಸರು ಸಿಕ್ಕಿ ಹನ್ನೊಂದು ದಿನ. ಇಪ್ಪತ್ತೆಂಟು ವರ್ಷ ಹೆಸರಿಲ್ಲದೆ ಇತ್ತು. ಅಂದರೆ — ಇತ್ತು, ಬೇರೆ ಬೇರೆ. ಉಡಾಫೆ. ಮಂಗಚೇಷ್ಟೆ. ಕಾಲಲ್ಲಿ ಚಕ್ರ. ಒಂಬತ್ತನೆಯಲ್ಲಿ ರುಕ್ಮಯ್ಯ ಮಾಷ್ಟ್ರು ಹೇಳಿದ್ದು: "ನಿನಗೆ ತಲೆ ಉಂಟು ಸಾಧನಾ, ಕೂರುವ ಕುಂಡೆ ಇಲ್ಲ." ಕ್ಲಾಸಿಡೀ ನಕ್ಕಿತು. ನಾನೂ ನಕ್ಕೆ. ಹತ್ತನೆಯಲ್ಲಿ ಗಣಿತ ಎರಡು ಸಲ ಹೋಯಿತು. ಮೂರನೆಯ ಸಲ ಪರೀಕ್ಷೆಗೆಂದು ಹೊರಟು ಕಾರ್ಕಳದ ಬಸ್ಸು ಹತ್ತಿದೆ. ಕಾರಣ ಇಲ್ಲ, ಬಸ್ಸು ಬಂತು. ಶಾಲೆ ಅಲ್ಲಿಗೆ ಮುಗಿಯಿತು.

ಪತ್ತೆ ಮಾಡಿದ್ದು ಆಫ್ರಾ. ಕಾಕನ ಮಗಳು. ಮೆಡಿಕಲ್ ಶಾಪಿನಲ್ಲಿ ಕೂರುತ್ತಾಳೆ, ನನ್ನ ಹಾರ್ಮೋನ್ ಮಾತ್ರೆ ಅವಳೇ ಕೊಡುವುದು. ಒಂದು ದಿನ ಕೌಂಟರಿನ ಆಚೆಯಿಂದ ನಿಧಾನಕ್ಕೆ ಕೇಳಿದಳು, "ಮೂವತ್ತು ದಿನದ ಮಾತ್ರೆ ನಿನಗೆ ನಲವತ್ತು ದಿನ ಬರ್ತದಲ್ಲ, ಅದು ಹೇಗೆ?" ಅವಳೇ ಕೈ ಹಿಡಿದು ಮನಸ್ಸಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದಳು.

ಕಳೆದ ವರ್ಷ ಕ್ಯಾನ್ಸರ್, ಎಡಗಡೆಯ ಎದೆಗೆ ಆಪರೇಷನ್. ಆಮೇಲೆ ಕಿಮೊ, ರೇಡಿಯೇಶನ್. ಮುಗಿಯಿತು. ಈಗ ಉಳಿದದ್ದು ದಿನಕ್ಕೊಂದು ಹಾರ್ಮೋನ್ ಮಾತ್ರೆ, ಇಪ್ಪತ್ತೆಂಟು ದಿನಕ್ಕೊಮ್ಮೆ ಹೊಟ್ಟೆಗೆ ಇಂಜೆಕ್ಷನ್. ಮಾತ್ರೆ ಐದು ವರ್ಷ, ಹತ್ತೂ ಆಗಬಹುದು. ತಪ್ಪಿಸಿದರೆ ಕಾಯಿಲೆ ವಾಪಸ್ ಬರುವ ದಾರಿ ತೆರೆದಿಟ್ಟ ಹಾಗೆ. ಎಲ್ಲರೂ ಹೇಳ್ತಾರೆ, ಕಷ್ಟದ್ದು ಮುಗಿಯಿತಲ್ಲ. ನನಗೆ ಕಿಮೊ ಸುಲಭ ಇತ್ತು. ಅವರು ಕರೆಯುತ್ತಿದ್ದರು, ಸೂಜಿ ಹಾಕುತ್ತಿದ್ದರು, ನಾನು ಮಲಗಿದರೆ ಆಯಿತು. ಇದನ್ನು ನಾನೇ ನೆನಪಿಟ್ಟು ಮಾಡಬೇಕು. ನನ್ನ ಹತ್ತಿರ ಇಲ್ಲದ್ದೇ ಅದು.

ಇಂಜೆಕ್ಷನ್ ಶುರುವಾದ ಮೇಲೆ ತಲೆ ಇನ್ನೂ ಹಾಳಾಗಿದೆ. ಹಾರ್ಮೋನ್ ಇಳಿದರೆ ಹಾಗಾಗುವುದುಂಟು ಅಂದರು ಡಾಕ್ಟ್ರು. ಅಂದರೆ — ಔಷಧಿಯಿಂದ ಮರೆವು, ಮರೆವಿನಿಂದ ಔಷಧಿ ತಪ್ಪುವುದು. ಒಳ್ಳೆ ಮದುವೆ.

ಮರೆವಿಗೂ ಮಾತ್ರೆ ಉಂಟಂತೆ. ಆದರೆ ಎಲ್ಲವೂ ಹಾರ್ಮೋನ್ ಮಾತ್ರೆಗೆ ಹೊಂದುವುದಿಲ್ಲ, ಕೆಲವು ಅದರ ಶಕ್ತಿ ಕಡಿಮೆ ಮಾಡ್ತವೆ. ಹಾಗಾಗಿ ಮನಸ್ಸಿನ ಡಾಕ್ಟ್ರು ಕ್ಯಾನ್ಸರ್ ಡಾಕ್ಟ್ರಿಗೆ ಒಂದು ಪತ್ರ ಬರೆದು ಕೊಟ್ಟಿದ್ದಾರೆ. ಜುಲೈ 14ಕ್ಕೆ ಮಂಗಳೂರಿನಲ್ಲಿ ತೋರಿಸಬೇಕು.

ಅಮ್ಮ ಪತ್ರ ನೋಡಿದರು. ಮರೆವಿಗೆ ಯಾರಾದರೂ ಮಾತ್ರೆ ತಿನ್ನುತ್ತಾರಾ ಅಂತ ಕೇಳಿದರು. ಹುಚ್ಚಿನ ಡಾಕ್ಟ್ರ ಚೀಟಿ ದೇವರ ಕೋಣೆಯ ಹತ್ತಿರ ಇಡಬೇಡ ಅಂದರು. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವರು. ನನ್ನಂಥವರನ್ನು ಎಷ್ಟು ನೋಡಿರಬಹುದು.

ಜುಲೈ 3

ಸೋತದ್ದರ ಪಟ್ಟಿ ಬರೆಯುವ.

ಫೋನಿನ ಅಲಾರ್ಮ್ — ಗಾಡಿ ಓಡಿಸುತ್ತಾ ಒತ್ತಿ ನಿಲ್ಲಿಸ್ತೇನೆ. ನಿಲ್ಲಿಸಿದ್ದೂ ನೆನಪಿರುವುದಿಲ್ಲ. ವಾರದ ಏಳು ಖಾನೆಯ ಡಬ್ಬಿ — ನಾಲ್ಕು ದಿನ ಕಾಣೆಯಾಗಿ ರಸ್ಕಿನ ಟ್ರೇಯ ಅಡಿಯಲ್ಲಿ ಸಿಕ್ಕಿತು, ಬುಧವಾರದ ಖಾನೆಯಲ್ಲಿ ಇರುವೆ. ಕನ್ನಡಿಗೆ ಅಂಟಿಸಿದ ಚೀಟಿ — ಮೂರನೆಯ ದಿನದಿಂದ ಕಾಣುವುದೇ ಇಲ್ಲ, ಕನ್ನಡಿಯ ಕಲೆಯ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಅನ್ನುವುದು ಬೇಡವೇ ಬೇಡ. ಐದೂವರೆಗೆ ಲೋಡಿಂಗ್. ಬೆಳಿಗ್ಗೆಯ ನನ್ನನ್ನು ಯಾರೂ ನಂಬಬಾರದು.

ನಿಂತದ್ದು ಒಂದೇ. ಸಂಜೆಯ ಊಟ. ಕಾಕನ ಮನೆಯಲ್ಲಿ ಒಂಬತ್ತಕ್ಕೆ ಊಟ, ಜೈನರಾದ ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಒಲೆ ಆರಬೇಕು. ಚಿಕ್ಕವಳಿದ್ದಾಗ ಇದಕ್ಕೆ ಎಷ್ಟು ಅತ್ತಿದ್ದೇನೋ. ಈಗ ಇದೇ ಉಪಕಾರಕ್ಕೆ ಬಂತು. ಮಾತ್ರೆಯ ಸ್ಟ್ರಿಪ್ ನನ್ನ ಬಟ್ಟಲಿನೊಳಗೇ ಇಟ್ಟಿದ್ದೇನೆ. ಅದನ್ನು ತೆಗೆಯದೆ ಅನ್ನ ಬಡಿಸಲಿಕ್ಕೆ ಆಗುವುದಿಲ್ಲ. ಬಟ್ಟಲು ತೊಳೆದ ಮೇಲೆ ಸ್ಟ್ರಿಪ್ ವಾಪಸ್ ಬಟ್ಟಲಿಗೆ.

ಹದಿನೇಳು ದಿನ. ತಪ್ಪಿದ್ದು ಒಂದು. ನನ್ನ ಬದುಕಿನಲ್ಲಿ ಇಷ್ಟು ದಿನ ಸತತವಾಗಿ ಏನನ್ನೂ ಮಾಡಿಲ್ಲ. ಉಸಿರಾಟ ಬಿಟ್ಟು.

ಜುಲೈ 14, ಸೋಮವಾರ

ಮಂಗಳೂರು. ಹೊಟ್ಟೆಗೆ ಇಂಜೆಕ್ಷನ್, ದಪ್ಪ ಸೂಜಿ, ಚುಚ್ಚುವ ಮೊದಲು ಸಿಸ್ಟರ್ ನನ್ನಲ್ಲಿ ಮೊಟ್ಟೆಯಿಲ್ಲದ ಕೇಕಿನ ರೇಟು ಕೇಳಿದರು. ಗಮನ ಬೇರೆ ಕಡೆ ಹೋಗಲಿ ಅಂತ. ನನ್ನ ಗಮನಕ್ಕೆ ಅಷ್ಟು ಕಷ್ಟಪಡಬೇಕಾಗಿಲ್ಲ.

ಆಮೇಲೆ ಡಾಕ್ಟ್ರು. ಪರೀಕ್ಷೆ ಮಾಡಿದರು. ಗಾಯ ಸರಿ ಉಂಟು, ಕೈ ಊದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ತಾ ಇದ್ದೀಯಾ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅಮ್ಮ, "ಒಂದು ದಿನವೂ ತಪ್ಪದೆ ಡಾಕ್ಟ್ರೇ" ಅಂದರು. ಎಷ್ಟು ಹೆಮ್ಮೆಯಿಂದ ಅಂದರೆ — ಡಾಕ್ಟ್ರು ನಕ್ಕು ಬರೆದುಕೊಂಡರು. ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದರೆ ಮರೆವಿನ ಮಾತು ಬರ್ತದೆ, ಮರೆವಿನ ಮಾತು ಬಂದರೆ ನಲವತ್ತು ದಿನದ ಲೆಕ್ಕ ಬರ್ತದೆ. ಬ್ಯಾಗಿನ ಜಿಪ್ ಹಾಕಿದೆ.

ಅಮ್ಮ ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿಲ್ಲ. ಹಾಗಾದರೆ ಅಲ್ಲಿ ಹೇಳಿದ ಸುಳ್ಳು ಯಾರದ್ದು? ನನ್ನದು.

ಆಫ್ರಾಳಿಂದ ಒಂಬತ್ತು ಸ್ಟ್ರಿಪ್ ತೆಗೆದುಕೊಂಡೆ. ತೊಂಬತ್ತು ಮಾತ್ರೆ. ಮುಂದಿನ ಭೇಟಿ ಅಕ್ಟೋಬರ್ 13. ಅಷ್ಟರೊಳಗೆ ಅಮ್ಮನ ಮಾತು ನಿಜ ಮಾಡಿ ತೋರಿಸ್ತೇನೆ.

ಇವತ್ತಿನದು: ತೆಗೆದುಕೊಂಡೆ.

ಆಗಸ್ಟ್ 5

ಬೆಳ್ತಂಗಡಿ ಲೈನ್, ಕೊನೆಗೆ ಚಾರ್ಮಾಡಿ. ಕೊನೆಯ ಅಂಗಡಿಯ ಎದುರು ಇಂಜೆಕ್ಷನಿನ ಬಿಸಿ ಏರಿತು — ಹೊಟ್ಟೆಯಿಂದ ಎದ್ದು ಕಿವಿಯವರೆಗೆ, ಒಳಗೆ ಯಾರೋ ಒಲೆ ಉರಿಸಿದ ಹಾಗೆ. ಗಾಡಿ ನಿಲ್ಲಿಸಿ ಗಾಳಿಗೆ ಮುಖ ಕೊಟ್ಟು ನಿಂತೆ. ಹತ್ತು ನಿಮಿಷ. ಹಿಂದಿನ ಬಾಗಿಲು ಹಾಕಿರಲಿಲ್ಲ. ತಿರುಗಿದಾಗ ಮಂಗಗಳು ಹನ್ನೆರಡು ಪ್ಯಾಕೆಟ್ ಬನ್ ಮುಗಿಸಿದ್ದವು. ಒಂದು ಮರಿ ಬೆಣ್ಣೆ ಬಿಸ್ಕಿಟ್ಟಿನ ಪ್ಯಾಕೆಟ್ ತೆರೆಯಲಾಗದೆ ನನ್ನ ಮುಖ ನೋಡ್ತಿತ್ತು. ತೆರೆದು ಕೊಟ್ಟೆ.

ಕಾಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಲೈನ್ ಸೇಲ್ ಕಾಡಿಗೂ ಶುರು ಮಾಡಿದೆಯಾ?" ಅಂದರು.

ಜುಲೈ 14ರಿಂದ ತಪ್ಪಿದ್ದು ಐದು. ಐದೂ ಲೈನ್‌ನಿಂದ ಬರುವಾಗ ತಡವಾಗಿ ಊಟ ತಪ್ಪಿದ ದಿನ. ಸೊನ್ನೆ ಇರಬೇಕಿತ್ತು. ಐದು.

ಆಗಸ್ಟ್ 27, ಬುಧವಾರ. ಚೌತಿ

ನಾಳೆಯಿಂದ ಹತ್ತು ದಿನ ದಶಲಕ್ಷಣ ಪರ್ವ. ಅಮ್ಮ ಈ ಸಲ ನೋಂಪಿಯ ವ್ರತ ಹಿಡಿದಿದ್ದಾರೆ. ದಿನಕ್ಕೆ ಒಂದೇ ಊಟ, ಮಧ್ಯಾಹ್ನ. ನನ್ನ ಆರೋಗ್ಯಕ್ಕಾಗಿ. ಅರುವತ್ತೆರಡು ವರ್ಷ, ಶುಗರ್ ಇಲ್ಲದ್ದು ಪುಣ್ಯ. ಬೇಡ ಅಂದೆ. ಕೇಳುವವರಲ್ಲ. ಈ ಹಟ ನನಗೆ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ.

ನನ್ನಿಂದ ಒಂದೇ ಕೇಳಿದರು. ಹತ್ತು ದಿನ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಬೇಡ. ಲೈನ್‌ನಲ್ಲಿ ತಡವಾದಾಗ ನಾನು ಹೋಟೆಲಿನಲ್ಲಿ ತಿನ್ನುವುದು ಅವರಿಗೆ ಗೊತ್ತುಂಟು, ಇಷ್ಟು ವರ್ಷ ಕೇಳಿದವರಲ್ಲ. "ನೀರು ಕೂಡ ಇಲ್ಲ," ಅಂತ ನಾನೇ ಸೇರಿಸಿದೆ. ಅವರ ಕಣ್ಣು ತುಂಬಿತು.

ಮಾತು ಕೊಟ್ಟರೆ ಕೊಟ್ಟದ್ದು. ಬೆಂಚಿನ ಮೇಲೆ ಕೂರಲಾಗದವಳು ಮಾತಿನ ಮೇಲೆ ಕೂರ್ತೇನೆ.

ಆಗಸ್ಟ್ 29, ಶುಕ್ರವಾರ. 7.40

ಚೌತಿಯ ಆರ್ಡರ್ ಮುಗಿದಿಲ್ಲ, ಮುಂದಿನ ವಾರ ಮಿಲಾದ್. ಕಾಕನ ಒಲೆ ಆರುತ್ತಿಲ್ಲ. ಎರಡು ಟ್ರಿಪ್. ಮನೆಗೆ ಬರುವಾಗ ಏಳು ದಾಟಿತು. ಒಲೆ ತಣ್ಣಗೆ. ಬಟ್ಟಲು ಗೋಡೆಯ ಗೂಡಿನಲ್ಲೇ ಇದೆ. ಅಮ್ಮ ಬಸದಿಯಿಂದ ಬಂದು ಮಲಗಿದ್ದಾರೆ. ಕೈಕಾಲು ತೊಳೆದು ಕೂತಾಗ ನೆನಪಾಯಿತು — ಮಾತ್ರೆ.

ಹೊತ್ತು ಮುಳುಗಿ ಅರ್ಧ ಗಂಟೆ ಮೇಲಾಗಿದೆ. ನೀರು ಕೂಡ ಇಲ್ಲ ಅಂದವಳು ನಾನು.

ನಾಳೆ ಬೆಳಿಗ್ಗೆ ಮೊದಲ ಕೆಲಸ.

ಆಗಸ್ಟ್ 30

ಬೆಳಿಗ್ಗೆ ಮರೆತೆ. ಸಂಜೆ ನಾರಾವಿಯಿಂದ ಬರುವಾಗ ಬೆಳುವಾಯಿಯಲ್ಲಿ ನೆನಪಾಯಿತು, ಆಕಾಶ ಇನ್ನೂ ಕೆಂಪಿತ್ತು. ಮನೆ ಮುಟ್ಟುವಾಗ ಕತ್ತಲೆ. ಸ್ಟ್ರಿಪ್ ಗಾಡಿಯಲ್ಲೇ ಇಟ್ಟುಕೊಳ್ಳಬೇಕು. ಬರೆದಿಟ್ಟಿದ್ದೇನೆ ಈಗ. ನಾಳೆ ಗಾಡಿಯಲ್ಲಿ.

ಸೆಪ್ಟೆಂಬರ್ 2

ಸ್ಟ್ರಿಪ್ ಗಾಡಿಯಲ್ಲಿಲ್ಲ. ಬಟ್ಟಲಿನಲ್ಲಿದೆ. ಬಟ್ಟಲು ಗೂಡಿನಲ್ಲಿ. ಊಟ ಇಲ್ಲದಿದ್ದರೆ ಬಟ್ಟಲು ಇಲ್ಲ, ಬಟ್ಟಲು ಇಲ್ಲದಿದ್ದರೆ…

ಅಮ್ಮನನ್ನು ಕೇಳಬಹುದು, ಹೊತ್ತು ಮುಳುಗಿದ ಮೇಲೆ ಔಷಧಿಯಾದರೆ ಆಗ್ತದಾ ಅಂತ. ಕೇಳಿದರೆ, ಯಾಕೆ, ಹಗಲು ತೆಗೆದುಕೊಳ್ಳಲಿಲ್ಲವಾ ಅಂತಾರೆ. ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ. ನಿಜ ಹೇಳಿದರೆ ಇವರು ಹಸಿದು ಕೂತಿರುವುದು ಯಾತಕ್ಕೆ? ಇವತ್ತು ಬಸದಿಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತರಂತೆ.

ಕೇಳಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ನಿನ್ನೆ ಅನಂತ ಚತುರ್ದಶಿ, ಇವತ್ತು ಪಾರಣೆ. ಅಮ್ಮ ಹೊಸ ಸೀರೆ ಉಟ್ಟು ಬಸದಿಯಿಂದ ಗಂಧೋದಕ ತಂದರು. ಅಭಿಷೇಕದ ಆ ನೀರನ್ನು ನನ್ನ ತಲೆಗೆ, ಕಣ್ಣಿಗೆ, ಮತ್ತೆ ರವಕೆಯ ಮೇಲಿನಿಂದಲೇ ಎಡಗಡೆಗೆ ಹಚ್ಚಿದರು. ಇನ್ನು ನಿನಗೆ ಏನೂ ಆಗುವುದಿಲ್ಲ ಅಂದರು. ಮುಖದಲ್ಲಿ ಎಲುಬು ಕಾಣ್ತಾ ಇತ್ತು.

ಹತ್ತು ದಿನ. ನಾನು ಮಾತು ಮುರಿಯಲಿಲ್ಲ. ಮಾತ್ರೆ ತೆಗೆದುಕೊಂಡದ್ದು ಎರಡು.

ಇದನ್ನು ಬರೆಯಲಿಕ್ಕೆ ನಾಲ್ಕು ಸಲ ಎದ್ದು ಕೂತೆ. ಬರೆದೆ.

ಅಕ್ಟೋಬರ್ 11, ಶನಿವಾರ

ಒಂದು ತಿಂಗಳು ಈ ಪುಸ್ತಕ ಮುಟ್ಟಲಿಲ್ಲ. ಕಳೆದುಹೋಗಿರಲಿಲ್ಲ. ಎಲ್ಲಿ ಉಂಟು ಅಂತ ಗೊತ್ತಿತ್ತು, ಅದೇ ಮೊದಲ ಸಲ.

ಇವತ್ತಿನ ಮಾತ್ರೆ ನುಂಗಿ ಉಳಿದದ್ದನ್ನೆಲ್ಲ ಹೊರಗೆ ಹಾಕಿ ಎಣಿಸಿದೆ. ಸೊನ್ನೆ ಇರಬೇಕಿತ್ತು. ಇಪ್ಪತ್ತಮೂರು. ಮತ್ತೆ ಎಣಿಸಿದೆ. ಗಣಿತದಲ್ಲಿ ಎರಡು ಸಲ ಫೇಲ್ ಆದವಳು, ಈ ಸಲವೂ ತಪ್ಪಲಿ ಅಂತ ಆಸೆ. ಇಪ್ಪತ್ತಮೂರೇ.

ಆಫ್ರಾಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯ ಆಗಲಿಲ್ಲ, ನನಗೆ ಅದೇ ನೋವಾಯಿತು. ಸೋಮವಾರ ಡಾಕ್ಟ್ರಿಗೆ ಹೇಳ್ತೀಯಾ ಅಂತ ಕೇಳಿದಳು. ಹೇಳ್ತೇನೆ. ಅಮ್ಮ ಪಕ್ಕದಲ್ಲಿ ಇರ್ತಾರಲ್ಲ? ಇರ್ತಾರೆ. ಅವರನ್ನು ಹೊರಗೆ ಕೂರಿಸು ಅಂದಳು. ಯೋಚಿಸಿದೆ. ಬೇಡ. ಜುಲೈಯಲ್ಲಿ ಅವರ ಬಾಯಿಯಿಂದ ನನ್ನ ಸುಳ್ಳು ಹೊರಗೆ ಬಂದದ್ದು. ಅವರಿಲ್ಲದಾಗ ನಿಜ ಹೇಳಿದರೆ ಅದು ಅರ್ಧ ನಿಜ.

"ಬಾಯಿ ಬಾರದಿದ್ರೆ?" ಅಂದಳು.

ಮಾತ್ರೆಗಳನ್ನೇ ತೆಗೆದುಕೊಂಡು ಹೋಗ್ತೇನೆ. ಅವು ಮಾತಾಡ್ತವೆ.

ಅಕ್ಟೋಬರ್ 13, ಸೋಮವಾರ

ಮರೆಯುವ ಮೊದಲು, ಆದ ಹಾಗೇ.

ಡಾಕ್ಟ್ರು ಕೇಳಿದರು. ಅಮ್ಮ ಶುರು ಮಾಡಿದರು, "ಒಂದು ದಿನವೂ—" ನಾನು ಬ್ರೆಡ್ಡಿನ ಕವರ್ ಮೇಜಿನ ಮೇಲೆ ಇಟ್ಟೆ. ಒಳಗಿನ ಸ್ಟ್ರಿಪ್‌ಗಳು ಸರಕ್ಕೆಂದು ಹೊರಗೆ ಜಾರಿದವು.

"ತಪ್ಪಿದ್ದು ಇಪ್ಪತ್ತಮೂರು ಡಾಕ್ಟ್ರೇ. ತೊಂಬತ್ತು ದಿನದಲ್ಲಿ. ಜುಲೈಗಿಂತ ಮೊದಲೂ ತಪ್ಪಿದೆ, ಅದರ ಲೆಕ್ಕ ನನ್ನ ಹತ್ತಿರ ಇಲ್ಲ. ಅಮ್ಮನಿಗೆ ಗೊತ್ತಿರಲಿಲ್ಲ."

ಪತ್ರವನ್ನೂ ಕೊಟ್ಟೆ. ಮೂರು ತಿಂಗಳು ಬ್ಯಾಗಿನಲ್ಲಿದ್ದು ಮಡಿಕೆಯಲ್ಲಿ ಹರಿದಿತ್ತು.

ಡಾಕ್ಟ್ರು ಬೈಯಲಿಲ್ಲ. ಓದಿದರು. ಅವರು ಹೇಳಿದ್ದರಲ್ಲಿ ನೆನಪಿರುವುದು: ತಪ್ಪಿದ್ದಕ್ಕೆ ಎರಡೆರಡು ತೆಗೆದುಕೊಳ್ಳಬೇಡ, ಇವತ್ತಿನಿಂದ ಇವತ್ತಿನದು. ನಿಜ ಗೊತ್ತಿಲ್ಲದಿದ್ದರೆ, ನಾಳೆ ಏನಾದರೂ ಕಂಡಾಗ ಮಾತ್ರೆ ಕೆಲಸ ಮಾಡಲಿಲ್ಲ ಅಂತ ನಾವು ತಪ್ಪು ತಿಳೀತೇವೆ. ಪತ್ರದಲ್ಲಿ ಬರೆದ ಮರೆವಿನ ಮಾತ್ರೆ ಈ ಮಾತ್ರೆಗೆ ಅಡ್ಡಿ ಮಾಡುವ ಜಾತಿಯದ್ದಲ್ಲ, ಇಸಿಜಿ ಮತ್ತು ಬಿಪಿ ನೋಡಿ ಶುರು ಮಾಡಬಹುದು. ಆಮೇಲೆ ಕೇಳಿದರು, ಇದರಲ್ಲಿ ಒಟ್ಟಿಗೆ ತಪ್ಪಿದ ದಿನಗಳುಂಟಾ?

ಉಂಟು. ಹತ್ತು ದಿನದಲ್ಲಿ ಎಂಟು. ಯಾವಾಗ? ಹೇಳಿದೆ. ಯಾಕೆ? ಅದನ್ನೂ ಹೇಳಿದೆ.

ಅಮ್ಮನ ಕಡೆ ನೋಡಲಿಲ್ಲ. ಅವರ ಬಳೆಯ ಶಬ್ದ ನಿಂತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವರು. ಕೈಕಂಬ ದಾಟಿದ ಮೇಲೆ ಹೊರಗೆ ನೋಡುತ್ತಲೇ, "ವ್ರತದಲ್ಲೂ ಔಷಧಿಗೆ ಅಡ್ಡಿ ಇಲ್ಲ ಅಂತ ಸಣ್ಣ ಮಕ್ಕಳಿಗೂ ಗೊತ್ತು. ನಿನಗೆ ಕೇಳಲಿಕ್ಕೆ ಬಾಯಿ ಇರಲಿಲ್ಲವಾ?"

"ಕೇಳಿದ್ರೆ ಮರೆತದ್ದು ಹೇಳಬೇಕಿತ್ತು."

"ಹೇಳಿದ್ರೆ ಎಂತ ಆಗ್ತಿತ್ತು?"

"ನೀವು ಊಟ ಬಿಟ್ಟು ಕೂತಿದ್ರಿ ಅಮ್ಮ."

ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದು ಇಳಿದರು.

ಮಾತ್ರೆ: ತೆಗೆದುಕೊಂಡೆ. 5.55.

ಅಕ್ಟೋಬರ್ 15

ಎರಡು ದಿನ. ಬಡಿಸ್ತಾರೆ, ಮಾತಾಡುವುದಿಲ್ಲ. ನಾನು ಸುಮ್ಮನಿರಲಾರೆ, ಬಂಟ್ವಾಳದಲ್ಲಿ ರಸ್ಕ್ ಎಷ್ಟು ಹೋಯಿತು ಅಂತೆಲ್ಲ ಗೋಡೆಗೆ ಹೇಳಿದ ಹಾಗೆ ಹೇಳ್ತೇನೆ. ಕೋಪ ಆದರೆ ಬೈಯಬೇಕು. ಇದು ಕೋಪ ಅಲ್ಲ.

ಅಕ್ಟೋಬರ್ 16, ಗುರುವಾರ

ಸಂಜೆ ಬಸದಿಯಿಂದ ಬಂದು ಎದುರು ಕೂತರು. ನನ್ನ ನೋಂಪಿ ನಿನಗೆ ಕೇಡು ಮಾಡಿತು ಅಂದರು. ಅಲ್ಲ ಅಂದೆ. ನೋಂಪಿ ಅಲ್ಲ, ನನ್ನ ತಲೆ. ತಲೆಯೂ ಅಲ್ಲ, ಕೇಳದೆ ಕೂತದ್ದು. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ತಪ್ಪು ತನ್ನದು ಅಂತ ಇಬ್ಬರೂ ಜಗಳ. ಹೊರಗಿನಿಂದ ಕೇಳಿದವರು ಆಸ್ತಿ ಜಗಳ ಅಂದುಕೊಳ್ಳಬೇಕು.

ಕೊನೆಗೆ ಅಮ್ಮ ಹೇಳಿದ್ದು, ಅಕ್ಷರಕ್ಕಕ್ಷರ: "ಇನ್ನು ದಿನಾ ದೀಪ ಹಚ್ಚುವಾಗ ನಾನು ಕೇಳ್ತೇನೆ. ನೀನು ಹೌದು ಅಥವಾ ಇಲ್ಲ ಹೇಳು. ನಾನು ಎಣಿಸುವುದಿಲ್ಲ, ಸ್ಟ್ರಿಪ್ ನೋಡುವುದಿಲ್ಲ. ಇಲ್ಲ ಅಂದ್ರೆ ಬೈಯುವುದೂ ಇಲ್ಲ. ರಾತ್ರಿ ಹನ್ನೆರಡಾದರೂ ಎದ್ದು ನೀರು ಕೊಡ್ತೇನೆ. ನನಗೆ ನಿನ್ನ ಬಾಯಿಯ ಮಾತು ಸಾಕು."

ಎಣಿಸಿದ್ದರೆ ಸುಲಭ ಇತ್ತು. ಇದು ಭಾರ. ಆದರೆ ಹೊರುವ ಭಾರ.

ಅಕ್ಟೋಬರ್ 24

ಮನಸ್ಸಿನ ಡಾಕ್ಟ್ರ ಹತ್ತಿರ. ಅಮ್ಮನೂ ಬಂದರು, ಕರೆಯದೆ. ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದರು ಅಷ್ಟೆ. ಇವಳು ಚಿಕ್ಕವಳಿದ್ದಾಗ ಹೇಗಿದ್ದಳು ಅಂತ ಡಾಕ್ಟ್ರು ಕೇಳಿದ್ದೇ ತಪ್ಪಾಯಿತು. ಅರ್ಧ ಗಂಟೆ. ಬಾವಿಯ ಹಗ್ಗ ಬಿಚ್ಚಿ ಉಯ್ಯಾಲೆ ಕಟ್ಟಿದ್ದು, ಅಂಗನವಾಡಿಯ ಹೆಸರುಕಾಳಿನ ಮೂಟೆಯನ್ನು ಕೋಳಿಗಳಿಗೆ ಸುರಿದದ್ದು, ಮದುವೆ ಮನೆಯಲ್ಲಿ ಕಳೆದುಹೋಗಿ ಬಸ್ಸಿನ ಟಾಪಿನಲ್ಲಿ ಸಿಕ್ಕಿದ್ದು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗೆ. ಡಾಕ್ಟ್ರು ಬರೆಯುವುದನ್ನು ನಿಲ್ಲಿಸಿ ನಗ್ತಾ ಇದ್ದರು. ಕೊನೆಗೆ ಅಮ್ಮ ತಗ್ಗಿದ ಸ್ವರದಲ್ಲಿ, "ಆಗಲೇ ಕರ್ಕೊಂಡು ಬರಬೇಕಿತ್ತಾ ಡಾಕ್ಟ್ರೇ?"

ಆಗ ಈ ಊರಿನಲ್ಲಿ ಯಾರಿಗೂ ಇದರ ಹೆಸರು ಗೊತ್ತಿರಲಿಲ್ಲ ಅಂದರು. ಅವರಿಗೆ ಒಳ್ಳೆಯದಾಗಲಿ.

ಇಸಿಜಿ ಸರಿ. ಬಿಪಿ ಸರಿ. ಆಫ್ರಾಳ ಅಂಗಡಿಯಲ್ಲಿ ಈ ಮಾತ್ರೆ ಇಡುವುದಿಲ್ಲ, ಚೀಟಿ ಹಿಡಿದು ಮಂಗಳೂರಿಗೆ ಹೋಗಿ ಅವಳೇ ತಂದಳು.

ಅಕ್ಟೋಬರ್ 30, ಗುರುವಾರ

ಹೊಸ ಮಾತ್ರೆಯ ನಾಲ್ಕನೆಯ ದಿನ. ಬೆಳಿಗ್ಗೆ ಬೇಕರಿಯಲ್ಲಿ ಚಹಾದ ಜೊತೆ. ನುಂಗುವುದು ನೋಡಿದ ಮೇಲೆಯೇ ಕಾಕ ಗಾಡಿಯ ಕೀ ಕೊಡುವುದು. ಹಾರ್ಮೋನಿನದ್ದನ್ನೂ ಬೆಳಿಗ್ಗೆಗೆ ತಾ ಅಂದಳು ಆಫ್ರಾ, ಒಟ್ಟಿಗೆ ಮುಗೀತದೆ. ಸರಿಯಾದ ಮಾತೇ. ಅಮ್ಮನಿಗೆ ಹೇಳಿದೆ. "ಸಂಜೆಯದು ನನ್ನದು," ಅಂದರು. ಬಿಟ್ಟೆ.

ಪವಾಡ ಏನೂ ಇಲ್ಲ, ಬರೆದಿಡ್ತೇನೆ. ಬಾಯಿ ಒಣಗ್ತದೆ. ಹಸಿವಿಲ್ಲ. ಬಿಸಿ ಏರುವುದು ಹಾಗೇ ಉಂಟು, ಹಾರ್ಮೋನ್ ಮಾತ್ರೆಗೆ ಬೆರಳ ಗಂಟುಗಳು ಬೆಳಿಗ್ಗೆ ಹಾಗೇ ಬಿಗೀತವೆ. ಆದರೆ ಇವತ್ತು ಬಂಟ್ವಾಳದಲ್ಲಿ ಒಂದು ಅಂಗಡಿಯವರು ಹೇಳಿದ ಆರ್ಡರ್ ಕೊನೆಯವರೆಗೆ ಕೇಳಿದೆ. ಮಧ್ಯದಲ್ಲಿ ಎಲ್ಲಿಗೂ ಹೋಗಲಿಲ್ಲ. ಹೀಗೂ ಇರ್ತದಾ ಉಳಿದವರಿಗೆ, ದಿನಾ? ಗಾಡಿಗೆ ಬಂದು ಸ್ವಲ್ಪ ಅತ್ತೆ. ರುಕ್ಮಯ್ಯ ಮಾಷ್ಟ್ರ ಮೇಲೆ ಸಿಟ್ಟು ಬಂತು, ಅವರು ತೀರಿಹೋಗಿ ಆರು ವರ್ಷ.

ಮಧ್ಯಾಹ್ನ ಎರಡರ ಮೇಲೆ ಶಕ್ತಿ ಇಳೀತದೆ. ಸಂಜೆಗೆ ಹಳೆಯ ನಾನೇ.

ಅಮ್ಮ ಕೇಳಿದರು. ಹೌದು ಅಂದೆ. ಹದಿನೈದು ದಿನ — ಹದಿನಾಲ್ಕು ಹೌದು, ಒಂದು ಇಲ್ಲ. ಇಲ್ಲ ಅಂದ ದಿನ ಎದ್ದು ಹೋಗಿ ನೀರು ತಂದರು. ಬೈಯಲಿಲ್ಲ.

ನವೆಂಬರ್ 8, ಶನಿವಾರ. 7.15

ನಾರಾವಿ ಲೈನ್. ಎಲ್ಲ ಟ್ರೇ ಹೋಯಿತು, ಖಾಲಿ ಟ್ರೇ ಎಲ್ಲ ವಾಪಸ್ ಬಂತು. ಕಾಕ ನಂಬದೆ ಎರಡು ಸಲ ಎಣಿಸಿದರು. ಮನೆಗೆ 5.30ಕ್ಕೇ ಬಂದೆ. ಹಸಿವಿರಲಿಲ್ಲ, ಬಟ್ಟಲು ಬೇಡ, ಒಂದು ಲೋಟ ಗಂಜಿ ಸಾಕು ಅಂದೆ. ನಿಂತೇ ಕುಡಿದೆ. ಆಫ್ರಾಳ ಫೋನ್ ಬಂತು, ಅಂಗಳದಲ್ಲಿ ನಡೆಯುತ್ತಾ ಮಾತಾಡಿದೆ. ಅಮ್ಮ ದೀಪ ಹಚ್ಚುವಾಗ ಕೇಳಿದರು, ಇವತ್ತು? ಫೋನ್ ಕಿವಿಯಲ್ಲೇ ಇತ್ತು. ಹೌದು ಅಂದೆ.

ಮಾತ್ರೆ: ತೆಗೆದುಕೊಂಡೆ. 5.

ಇಲ್ಲ. ಸಮಯ ಬರೆಯಲಿಕ್ಕೆ ಹೋದರೆ ಸಮಯ ನೆನಪಿಗೆ ಬರುವುದಿಲ್ಲ. ಲೋಟ ನೆನಪುಂಟು. ಬಟ್ಟಲು ಇಲ್ಲ.

ಹೋಗಿ ನೋಡಿ ಬಂದೆ. ಸ್ಟ್ರಿಪ್ ಬಟ್ಟಲಿನಲ್ಲಿ, ನಿನ್ನೆ ಇಟ್ಟ ಹಾಗೇ. ನಾಲ್ಕು ಇರಬೇಕಿತ್ತು. ಐದು.

ಅಂದರೆ ಹೌದು ಅಂದದ್ದು ಸುಳ್ಳು. ಬೇಕೆಂದು ಹೇಳಿದ್ದಲ್ಲ, ನಾಲಿಗೆ ಹೇಳಿತು. ಆದರೆ ಅಮ್ಮ ನಂಬಿದ್ದು ನಾಲಿಗೆಯನ್ನೇ. ಚಾವಡಿಯಲ್ಲಿ ಜಪಸರ ಹಿಡಿದು ಕೂತಿದ್ದಾರೆ, ಇಲ್ಲಿಂದ ಕಾಣ್ತದೆ. ಸದ್ದಿಲ್ಲದೆ ಈಗ ನುಂಗಿದರೆ ನಾನು ಅಂದ ಹೌದು ನಿಜವೇ ಆಗ್ತದೆ, ಒಂದು ಗಂಟೆ ತಡ ಅಷ್ಟೆ. ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟಲು, ಸ್ಟ್ರಿಪ್, ಲೆಕ್ಕ ಎಲ್ಲ ಸರಿಹೋಗ್ತದೆ.

ಬೇಡ. ಮೊದಲು ಅಮ್ಮನಿಗೆ ಹೇಳ್ತೇನೆ, ನೀರು ಅವರೇ ಕೊಡಲಿ. ಈಗಲೇ. ಈ ಸಾಲು ಮುಗಿಸಿ ಹೋಗುವ ಅಂತ ಕೂತರೆ ಇನ್ನೊಂದು ಸಾಲು ಬರ್ತದೆ, ಅದರ ಹಿಂದೆ ಇನ್ನೊಂದು, ನಾನು ಮರೆಯುವುದೇ ಹಾಗೆ, ಪೆನ್ನು ಕೆಳಗೆ ಇಟ್ಟು